ತೊಂಬತ್ತು ಸೆಕೆಂಡಿನ ಬಜರ್

ನವೆಂಬರ್ 9, ಶನಿವಾರ

ಮತ್ತೆ ಬೆಳಿಗ್ಗೆ ಆರು ಗಂಟೆಗೆ ಐಸ್ ಹಾಕಿ ರಿಂಕ್. ಹೊರಗೆ ಮೈನಸ್ ಇಪ್ಪತ್ತೆಂಟು ಡಿಗ್ರಿ. ಒಳಗೆ ಒದ್ದೆ ಗ್ಲೌಸಿನ ನಾತ, ಸೀದ ಕಾಫಿ. ಅದು ಅಭ್ಯಾಸವಾಗಿದೆ. ಮೇಲೆ ಕೂತು ಕಿರುಚೋ ಅಪ್ಪ-ಅಮ್ಮಂದಿರು ಮಾತ್ರ ಅಭ್ಯಾಸ ಆಗ್ತಿಲ್ಲ... ಹೇಸಿಗೆ.

ಎಂಟು ವರ್ಷದ ಮಕ್ಕಳು. ಅರ್ಧ ಐಸಿನ ಮೇಲೆ ಆಟ, ಸ್ಕೋರ್ ಬರೆಯೋ ಹಾಗಿಲ್ಲ. ತೊಂಬತ್ತು ಸೆಕೆಂಡಿಗೊಮ್ಮೆ ಬಜರ್ — ಪಕ್, ಆ ರಬ್ಬರ್ ಬಿಲ್ಲೆ, ಯಾರ ಕೋಲಿಗೆ ಸಿಕ್ಕಿದ್ರೂ ಅಲ್ಲೇ ಬಿಟ್ಟು ಹೊರಗೆ ಬರಬೇಕು, ಮುಂದಿನ ಗುಂಪು ಒಳಗೆ. ಎಲ್ಲರಿಗೂ ಸಮಪಾಲು. ಇಷ್ಟೇ ನಿಯಮ. ಇಷ್ಟೂ ಇವರಿಗೆ ಜೀರ್ಣವಾಗಲ್ಲ.

ಡ್ವೇನ್ ಬಂದ. ಟೈರ್ ಅಂಗಡಿಯವನು, ಮಗ ನನ್ನ ತಂಡದಲ್ಲೇ ಇದ್ದಾನೆ, ಕ್ಲಬ್ಬಿಗೆ ಅಧ್ಯಕ್ಷ ಬೇರೆ.

"ಏನ್ ಕೋಚಮ್ಮ, ಇದು ಹಾಕಿನೋ ಶಿಶುವಿಹಾರನೋ? ಗೆಲ್ಲೋ ಮಕ್ಕಳನ್ನ ಆಡೋಕೆ ಬಿಡಿ, ಉಳಿದವು ಕೂತ್ಕೊಂಡು ನೋಡ್ಲಿ."

"ಎಂಟಕ್ಕೆ ಗೆದ್ದು ಏನ್ ಕಡಿದು ಗುಡ್ಡೆ ಹಾಕ್ತಾರಪ್ಪಾ? ಹದಿನಾರಕ್ಕೆ ಎಷ್ಟು ಜನ ಇನ್ನೂ ಆಡ್ತಿರ್ತಾರೆ, ಅದು ಹೇಳು."

"ಶುರುವಾಯ್ತಪ್ಪ ಪುರಾಣ!" ಅಂತ ನಕ್ಕೊಂಡು ಹೋದ.

ನನ್ನ ತಂಡದ ಕೀಗನ್ ಇವತ್ತೂ ಬಿದ್ದ, ಎದ್ದ, ಮತ್ತೆ ಬಿದ್ದ. ಬಿದ್ದಾಗೆಲ್ಲ ಅವನೇ ಮೊದಲು ನಗ್ತಾನೆ. ಡಿಸೆಂಬರ್ ಕೊನೆಯಲ್ಲಿ ಹುಟ್ಟಿದೋನು. ನನ್ನ ಮಗಳು ಟೆಸ್ಸಾ ಅದೇ ವರ್ಷದ ಜನವರಿ. ಲೆಕ್ಕದಲ್ಲಿ ಓರಗೆಯವರು, ನಡುವೆ ಹೆಚ್ಚುಕಮ್ಮಿ ಒಂದು ವರ್ಷ! ಅವನ ಕಾಲು ಇನ್ನೂ ಗಟ್ಟಿಯಾಗಬೇಕು. ಆಗುತ್ತೆ. ಅಲ್ಲಿವರೆಗೆ ಅವನು ಆಟ ಬಿಡದಿದ್ರೆ ಸಾಕು.

ನವೆಂಬರ್ 16

ರಿಂಕಿನ ಗಡಿಯಾರ ಕೆಟ್ಟಿದೆ. ಬಜರ್ ಕೈಯಲ್ಲೇ ಒತ್ತಬೇಕು. ಯಾರೂ ಬರಲ್ಲ ಅಂದ್ಕೊಂಡಿದ್ದೆ, ನನ್ನ ಗಂಡ ಕರ್ಟಿಸ್ ತಾನಾಗೇ ಮುಂದೆ ಬಂದ. ಶನಿವಾರ ಹಾಸಿಗೆ ಬಿಟ್ಟು ಏಳೋ ಪ್ರಾಣಿಯಲ್ಲ ಅದು. ಖುಷಿಯಾಯ್ತು. ಅವನಿಗೆ ಗ್ರೇವಿ ಹಾಕಿದ ಫ್ರೈಸ್ ಕೊಡಿಸಿದೆ.

ಅಪ್ಪ-ಅಮ್ಮಂದಿರು ಫೋನಲ್ಲಿ ಗುಟ್ಟಾಗಿ ಸ್ಕೋರ್ ಇಡ್ತಿದ್ದಾರಂತೆ. ಯಾರ ಮಗು ಎಷ್ಟು ಗೋಲು, ಯಾರ ಮಗುವಿಂದ ಎಷ್ಟು ನಷ್ಟ. ಥೂ. ಹಾಲುಹಲ್ಲು ಪೂರ್ತಿ ಉದುರದ ಮಕ್ಕಳ ಮೇಲೆ!

ನವೆಂಬರ್ 30

ಕೀಗನ್ ಬೆಂಚಿಗೆ ಬಂದು, "ಕೋಚ್, ನಾನು ಈಗಷ್ಟೇ ಒಳಗೆ ಹೋಗಿದ್ದೆ, ಆಗಲೇ ಬಜರ್ ಆಯ್ತು" ಅಂದ.

"ಆಟ ಚೆನ್ನಾಗಿದ್ದಾಗ ಹೊತ್ತು ಹೋಗಿದ್ದೇ ಗೊತ್ತಾಗಲ್ಲ ಕಣೋ."

ನಂಬಿದ ಪಾಪ. ಹೆಲ್ಮೆಟ್ ಅಲ್ಲಾಡಿಸಿ ಕೂತ್ಕೊಂಡ.

ಡಿಸೆಂಬರ್ 7, ಮಧ್ಯಾಹ್ನ

ಈಗಲೇ ಬರೀಬೇಕು.

ಬೆಳಿಗ್ಗೆ ಕೀಗನ್ನನ ಅಮ್ಮ ಜೋಲೀನ್ ಬಂದು, "ನನ್ನ ಮಗನ ಸರದಿಗೆ ಬಜರ್ ಬೇಗ ಹೊಡೀತಿದೆ ಅನ್ಸುತ್ತೆ ಕಣ್ರೀ" ಅಂದ್ಲು. ಮೆತ್ತಗೆ, ತಪ್ಪು ತಿಳ್ಕೋಬೇಡಿ ಅನ್ನೋ ಹಾಗೆ.

"ಅಲ್ಲಿ ಕೂತಿರೋದು ನನ್ನ ಗಂಡ" ಅಂದೆ. ಎಷ್ಟು ಗತ್ತಿನಲ್ಲಿ ಅಂದೆ!

ಆದರೂ ವಾಚ್ ಹಿಡಿದು ನಿಂತೆ. ಟೆಸ್ಸಾಳ ಗುಂಪು ಒಳಗಿದ್ದಾಗ ತೊಂಬತ್ತು ದಾಟಿತು, ನೂರು ದಾಟಿತು, ಅವಳು ಗೋಲು ಹೊಡೆದ ಮೇಲೆ ಬಜರ್. ಕೀಗನ್ ಹೋದ. ಅವನು ಎರಡನೇ ಸಲ ಬಿದ್ದು ಏಳೋದ್ರೊಳಗೆ ಬಜರ್. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬೇಲಿ ನನ್ನ ಮನೇದು.

ಮನೆಗೆ ಬಂದು ಅವನನ್ನ ಹಿಡ್ಕೊಂಡು ಕೇಳಿದೆ. ಕರ್ಟಿಸ್‌ಗೆ ನಾಚಿಕೆಯೂ ಇಲ್ಲ.

"ನಾಲ್ಕು ಸೆಕೆಂಡು ಆಚೀಚೆ. ಮುಂದಿನ ವರ್ಷ ದೊಡ್ಡ ತಂಡಕ್ಕೆ ಆಯ್ಕೆ ಇದೆ ಕಣೇ. ಡ್ವೇನ್ ನೋಡ್ತಿರ್ತಾನೆ. ಮಗಳಿಗಾಗಿ ಮಾಡಿದೆ."

"ಬೇರೆಯವರ ಮಗುವಿನ ತಟ್ಟೆಯಿಂದ ಕಿತ್ತು ನಿನ್ನ ಮಗಳಿಗೆ ತಿನ್ನಿಸ್ತೀಯಾ? ಉಗೀಬೇಕು ನಿನಗೆ."

ಟೆಸ್ಸಾ ಪ್ಯಾನ್‌ಕೇಕ್ ತಿಂತಿದ್ಲು. ತಲೆ ಎತ್ತದೇ ಅಂದ್ಲು — "ಅಮ್ಮ, ಅಪ್ಪ ಹೆಬ್ಬೆರಳು ತೋರ್ಸಿದ್ರೆ ಇನ್ನೂ ಟೈಮ್ ಇದೆ ಅಂತ ಅರ್ಥ. ಕೀಗನ್ ಹೇಗೂ ಬೀಳ್ತಾನಲ್ಲ."

ಇಬ್ಬರಿಗೂ ಬೆನ್ನು ಹಾಕಿ ಸಿಂಕಿನ ಹತ್ರ ಹೋಗಿ ನಿಂತೆ. ನನ್ನ ಹೊಟ್ಟೇಲಿ ಹುಟ್ಟಿದ್ದು... ಈಗಲೇ ಕಲಿತಾಯ್ತು.

ಡಿಸೆಂಬರ್ 14

ಕೀಗನ್ ಬರಲಿಲ್ಲ. ಜೋಲೀನ್ ಅವನ ಜರ್ಸಿ ಒಗೆದು, ಮಡಿಚಿ, ಕವರಲ್ಲಿ ಹಾಕಿ ಕೊಟ್ಟು ಹೋದ್ಲು. ಬೈದಿದ್ರೆ ಚೆನ್ನಾಗಿತ್ತು.

ಎಲ್ಲರ ಮುಂದೆ ಆದದ್ದು ಹೇಳಿದೆ. ಕರ್ಟಿಸ್ ತಲೆ ಕೆಳಗೆ ಹಾಕಿ ಕೂತಿದ್ದ. ಡ್ವೇನ್ ಹೊಟ್ಟೆ ಹಿಡ್ಕೊಂಡು ನಕ್ಕ. "ಹೇಳೋದು ಆಚಾರ, ತಿನ್ನೋದು ಬದನೆಕಾಯಿ! ಹದಿನಾರಕ್ಕೆ ಎಷ್ಟು ಜನ ಆಡ್ತಾರೆ ಕೋಚಮ್ಮ? ಒಬ್ಬ ಎಂಟಕ್ಕೇ ಬಿಟ್ಟು ಹೋದ್ನಲ್ಲ!"

ಆ ದರಿದ್ರ ಬಾಯಿಂದ ನಿಜ ಬಂತು. ಅದಕ್ಕೇ ಇನ್ನೂ ಅಸಹ್ಯ.

ಜನವರಿ 4

ಮೂರು ವಾರ ಬರೆದಿಲ್ಲ. ಕ್ರಿಸ್‌ಮಸ್ ಊಟಕ್ಕೆ ಕರ್ಟಿಸ್ ಮೇಜಿನ ಆ ತುದಿ, ನಾನು ಈ ತುದಿ.

ಇವತ್ತು ಟೆಸ್ಸಾಳನ್ನ ಎಳ್ಕೊಂಡು ಜೋಲೀನ್ ಮನೆಗೆ ಹೋದೆ. ಹಿತ್ತಲಲ್ಲಿ ನೀರು ಹೊಯ್ದು ಹೆಪ್ಪುಗಟ್ಟಿಸಿದ ಪುಟ್ಟ ಐಸು. ಕೀಗನ್ ಒಬ್ಬನೇ. ಆಟ ಬಿಟ್ಟಿಲ್ಲ — ನಮ್ಮನ್ನ ಬಿಟ್ಟಿದ್ದಾನೆ. ಬೀಳೋದೂ ಕಮ್ಮಿಯಾಗಿದೆ.

ಟೆಸ್ಸಾ "ಸಾರಿ" ಅಂದ್ಲು, ನೆಲ ನೋಡ್ಕೊಂಡು. ಅವನು ನನ್ನನ್ನ ಕೇಳಿದ, "ಬಜರ್ ಯಾರು ಒತ್ತೋದು?"

"ನಾನು."

"ಪ್ರಾಮಿಸ್?"

"ಪ್ರಾಮಿಸ್ ಕಣೋ."

ಜನವರಿ 11, ರಿಂಕಿನ ಹೊರಗೆ, ನಮ್ಮ ಟ್ರಕ್ಕಲ್ಲೇ ಕೂತು

ಕೀಗನ್ ಬಂದ. ಬೆಂಚಲ್ಲಿ ಮಕ್ಕಳನ್ನ ನೋಡ್ಕೊಳ್ಳೋಕೆ ಬೇರೆಯವರನ್ನ ಹಾಕಿ ಬಜರ್ ಹತ್ರ ನಾನೇ ಕೂತೆ. ಎಡಗೈಲಿ ವಾಚ್. ಎಲ್ಲರಿಗೂ ತೊಂಬತ್ತು, ಕೂದಲೆಳೆ ಆಚೀಚೆ ಇಲ್ಲ. ಡ್ವೇನ್ ಮಗನಿಗೂ ಅಷ್ಟೇ. ತಿಂಗಳ ಮೇಲೆ ಮೊದಲ ಸಲ ಉಸಿರು ಸಲೀಸಾಯ್ತು.

ಕೊನೇ ಸರದಿಗೆ ಮುಂಚೆ ಟೆಸ್ಸಾಗೆ ಪಕ್ ಸಿಕ್ತು. ಒಬ್ಬಳೇ. ಎದುರಿಗೆ ಗೋಲ್‌ಕೀಪರ್ ಬಿದ್ದಿದ್ದ, ಗೋಲು ಖಾಲಿ. ವಾಚ್ ನೋಡಿದೆ — ತೊಂಬತ್ತು. ಗೇಟಲ್ಲಿ ಕೀಗನ್, ಒಂದು ಕಾಲು ಆಗಲೇ ಎತ್ತಿದ್ದ. ನನ್ನ ಬೆರಳು ಬಜರ್ ಮೇಲೇ ಇತ್ತು. ಒತ್ತಲಿಲ್ಲ. ಅವಳು ಹೊಡೆಯೋವರೆಗೂ ಒತ್ತಲಿಲ್ಲ.

ಕೀಗನ್ ಎತ್ತಿದ ಕಾಲು ಕೆಳಗಿಟ್ಟು ತಿರುಗಿ ನನ್ನನ್ನ ನೋಡಿದ. ಥೂ, ನನ್ನ ಈ ಬೆರಳನ್ನ —