ಹಲಸಿನಡಿ ಬಾವಿಯ ನೀರು

ಹೊನ್ನಾವರ,
ತಾ. ೧೯-೪-೧೯೪೪, ಬುಧವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಚಿರಂಜೀವಿ ಗಣಪನಿಗೆ ನಿನ್ನ ಪರಮಕ್ಕ ಮಾಡುವ ಆಶೀರ್ವಾದಗಳು.

ಹೇಗಿದ್ದೀ? ಮೈಯಲ್ಲಿ ಹುಷಾರಿದ್ದೀಯಷ್ಟೆ? ಆ ಒಣಕೆಮ್ಮು ಬಿಟ್ಟಿತೇ? ಖಾನಾವಳಿಯ ಅನ್ನದಲ್ಲಿ ಕಲ್ಲು ಜಾಸ್ತಿ ಎಂದು ಬರೆದಿದ್ದೆಯಲ್ಲ, ಬೇರೆ ಖಾನಾವಳಿ ಹಿಡಿದೆಯಾ? ಇವನ್ನೆಲ್ಲ ಅಕ್ಕ ವಾಡಿಕೆಗೆ ಕೇಳುತ್ತಾಳೆ ಎಂದು ಈ ಸಲ ದಾಟಿಸಿ ಓದಬೇಡ. ಒಂದೊಂದಕ್ಕೂ ಉತ್ತರ ಬೇಕು. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಅಳಿಯನಿಗೆ ನಾಲ್ಕು ತಿಂಗಳು ತುಂಬಿತು, ಮೊನ್ನೆ ಮಗುಚಿ ಬಿದ್ದು ತಾನೇ ಗಾಬರಿಯಾಗಿ ಅತ್ತ. ನೀನು ಮುಂಬಯಿಯಿಂದ ಕಳಿಸಿದ ಕೆಂಪು ಟೊಪ್ಪಿಗೆ ಇನ್ನೂ ಅವನ ಕಿವಿ ಮುಚ್ಚುತ್ತದೆ. ಈ ಸೆಕೆಯಲ್ಲೂ ನಮ್ಮತ್ತೆ ಅದನ್ನು ತೊಡಿಸಿ, ಸೋದರಮಾವ ಕೊಟ್ಟದ್ದು ತೆಗೆಯಬಾರದು ಎನ್ನುತ್ತಾರೆ. ಮುಂದಿನ ತಿಂಗಳು ಅವನಿಗೆ ಅನ್ನ ಉಣಿಸಬೇಕು, ಮೊದಲ ಅಗುಳು ನಿನ್ನ ಕೈಯದು. ರಜೆ ಕೇಳಿ ಬಂದೇ ಬರುತ್ತೇನೆ ಎಂದು ನೀನು ಬರೆದ ಕಾಗದ ನನ್ನ ಟ್ರಂಕಿನಲ್ಲಿದೆ. ಮಾತು ತಪ್ಪಿಸುವ ಹಾಗಿಲ್ಲ.

ನನಗೆ ನಿದ್ದೆ ಇಲ್ಲ. ಮಗು ಮಲಗಿದ ಮೇಲೆ ಅದರ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವ ಚಾಳಿ ನನಗಿದೆ ಎಂದು ಹಿಂದೆ ಬರೆದಾಗ, ಓದಿ ಓದಿ ನಕ್ಕೆನೆಂದು ನೀನು ಉತ್ತರ ಬರೆದಿದ್ದೆ. ಈಗ ಉಸಿರು ನೋಡಿಯಾದ ಮೇಲೂ ನಿದ್ದೆ ಬರುವುದಿಲ್ಲ. ಒಂದು ವಿಚಿತ್ರ, ರಾತ್ರಿ ನನಗೆ ಹೆದರಿಕೆ ಇಲ್ಲ. ಈಗಿನಂಥ ಮಧ್ಯಾಹ್ನ, ಎಲ್ಲರೂ ಉಂಡು ಮಲಗಿ, ತೆಂಗಿನ ಗರಿ ಕೂಡ ಅಲ್ಲಾಡದೆ ಅಂಗಳ ಬೆಳ್ಳಗೆ ಉರಿಯುವ ಹೊತ್ತಿಗೆ, ಬಾಗಿಲ ಕಡೆ ನೋಡಲು ಆಗುವುದಿಲ್ಲ. ಭಾನುವಾರದ ಮೇಲೆ ಹೀಗೆ.

ಭಾನುವಾರದ ಸಂಗತಿ ಹೇಳುತ್ತೇನೆ, ಪೂರ್ತಿ ಓದು. ನಿನ್ನ ಭಾವ ಮೀನು ಹಿಡಿಯಲು ಕಡಲಿಗೆ ಹೋಗಿದ್ದರು. ನಗಬೇಡ. ಮಾಮಲೇದಾರ ಕಚೇರಿಯಲ್ಲಿ ಲೇಖಣಿ ಬಿಟ್ಟು ಬೇರೇನೂ ಹಿಡಿಯದವರು ಗಾಳ ಹಿಡಿದದ್ದು ಅಂಚೆ ಕಚೇರಿಯ ಮಾಸ್ತಿಯವರ ಒತ್ತಾಯಕ್ಕೆ. ಅವರ ಮಾತು ನಿನಗೆ ಗೊತ್ತುಂಟಲ್ಲ: "ವಾರವಿಡೀ ಕಾಗದದ ಧೂಳು ಕುಡಿತ್ರಿ, ಒಂದಿನ ಕಡಲ ಗಾಳಿ ಕುಡೂಕೆ ಎಂತ ತ್ರಾಸು ನಿಮ್ಗೆ?" ಶನಿವಾರ ಅರ್ಧ ದಿನದ ಕಚೇರಿ ಮುಗಿಸಿ ಮೂರು ದೋಣಿಯಲ್ಲಿ ಹೊರಟರು. ಒಂದರಲ್ಲಿ ನಿನ್ನ ಭಾವ ಮತ್ತು ಕಚೇರಿಯ ಜವಾನ ಮಾದೇವ. ಇನ್ನೊಂದರಲ್ಲಿ ಮಾಸ್ತಿಯವರು ಮತ್ತು ದಾರಿ ಬಲ್ಲವನೆಂದು ಕರೆದುಕೊಂಡ ಖಾರ್ವಿ ಕೇರಿಯ ಮುದುಕ ದಾಸ. ಮೂರನೆಯದು ಹಳದೀಪುರದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ದುರ್ಗನವರದು. ರಾತ್ರಿ ಬಸವರಾಜದುರ್ಗದ ನಡುಗಡ್ಡೆಯ ಮರಳಿನ ಮೇಲೆ ಗಂಜಿ ಕಾಯಿಸಿ ಉಂಡು ಮಲಗಿ, ನಸುಕಿನ ನೆಲಗಾಳಿಗೆ ಪಡುವಲಿಗೆ ಹೋಗಿದ್ದಾರೆ. ಅಲ್ಲಿ ನೀರಿನ ಅಡಿಗೆ ಒಂದು ದೊಡ್ಡ ಕಲ್ಲುಹಾಸು ಇದೆಯಂತೆ. ಮೇಲೆ ಏನೂ ಕಾಣುವುದಿಲ್ಲ, ನೀರಿನ ಬಣ್ಣ ಮಾತ್ರ ಬೇರೆ. ಆ ಕಲ್ಲಿನ ಸಂದಿನಲ್ಲಿ ಮುರು ಮೀನು, ಕೆಂಬೇರಿ ಎಲ್ಲ ಇರುತ್ತವೆ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ದೋಣಿ ನಿಲ್ಲಿಸಿಕೊಂಡು, ಗಾಳಕ್ಕೆ ಶೆಟ್ಲಿ ಸಿಗಡಿ ಚುಚ್ಚಿ ಕೂತರೆ ಆತು. ಬೆಳಿಗ್ಗೆ ಚೆನ್ನಾಗಿಯೇ ಸಿಕ್ಕಿತಂತೆ. ನಿನ್ನ ಭಾವನ ಗಾಳಕ್ಕೆ ಬಂದ ಕೆಂಬೇರಿ ನೋಡಿ ಮಾಸ್ತಿಯವರು "ಅರ್ಜಿ ಕೊಡೂಕೆ ಬಂದದ್ದು ಮಾರಾಯ್ರೆ, ಮುದ್ರೆ ಒತ್ತಿ ಕಳ್ಸಿ" ಎಂದರಂತೆ.

ಹೊತ್ತು ನೆತ್ತಿಗೆ ಬಂದಾಗ ಗಾಳಿ ಬಿತ್ತು. ಮೀನು ಕಚ್ಚುವುದೂ ಒಮ್ಮೆಗೇ ನಿಂತಿತು, ಮೂರು ದೋಣಿಯಲ್ಲೂ. ಕಡಲು ಎಣ್ಣೆ ಹರಡಿದ ಹಾಗೆ, ದೋಣಿಗೆ ನೀರು ತಾಗುವ ಸದ್ದೂ ಇಲ್ಲ. ಆಗ ನೋಡಿದರೆ ದೋಣಿ ನಾಲ್ಕಿದ್ದವು. ನಾಲ್ಕನೆಯದು ಯಾವಾಗ ಬಂತು, ಯಾರೂ ಕಂಡಿಲ್ಲ. ಮಾಸ್ತಿಯವರು ದುರ್ಗನವರ ಕಡೆಯವರೆಂದು ತಿಳಿದರು, ದುರ್ಗನವರು ಮಾಸ್ತಿಯವರ ಸ್ನೇಹಿತರೆಂದು ತಿಳಿದರು. ಹಾಗಾಗಿ ಯಾರೂ ಕೇಳಲಿಲ್ಲ. ಅದರಲ್ಲಿ ಒಬ್ಬನೇ ಇದ್ದ. ತಲೆಯ ಮೇಲಿಂದ ಒದ್ದೆ ಗೋಣಿ ಹೊದ್ದುಕೊಂಡಿದ್ದ. ಬಿಸಿಲಿನ ಝಳಕ್ಕೆ ಮುಖ ಕಾಣಲಿಲ್ಲ. ನಿನ್ನ ಭಾವನ ದೋಣಿಯ ಪಕ್ಕಕ್ಕೇ ಬಂದು, ನೀರಿದ್ದರೆ ಒಂದು ಗುಟುಕು ಕೊಡಿ ಎಂದು ಕೇಳಿದನಂತೆ.

ಇಲ್ಲೊಂದು ಪದ್ಧತಿ ಹೇಳಬೇಕು, ನನಗೂ ಈಗಲೇ ಗೊತ್ತಾದದ್ದು. ಕಡಲಿನಲ್ಲಿ ಕುಡಿಯುವ ನೀರು ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ. ಆದರೆ ಕೊಡುವ ಮೊದಲು "ಯಾವ ಬಾವಿಯವ ನೀನು?" ಎಂದು ಕೇಳಿ, ಅವನ ಬಾಯಿಂದ ಹೇಳಿಸಬೇಕು. ಜೀವ ಇದ್ದವನು ತನ್ನ ಮನೆಯ ಬಾವಿ ಹೇಳುತ್ತಾನೆ. ಜೀವ ಇಲ್ಲದವನು ಕೇಳಿದ ಕೂಡಲೇ ದೋಣಿ ತಿರುಗಿಸಿಕೊಂಡು ಹೋಗುತ್ತಾನೆ. ಕೇಳದೆ ಕೊಟ್ಟರೆ, ಕೊಟ್ಟವರ ಮನೆಬಾಗಿಲಿಗೆ ಮತ್ತೆ ನೀರು ಕೇಳಿಕೊಂಡು ಬರುತ್ತಾನೆ. ಹೊರಡುವ ಮುಂಚೆ ದಾಸ ಇದನ್ನು ಎಲ್ಲರಿಗೂ ಹೇಳಿದ್ದ. ನಿನ್ನ ಭಾವನಿಗೂ ನೆನಪಿತ್ತು. ಆದರೆ ಸ್ನೇಹಿತರ ಎದುರಿಗೆ ಅಂಥದ್ದನ್ನೆಲ್ಲ ಕೇಳಲು ಓದಿದವರಿಗೆ ನಾಚಿಕೆ. ಬಾಯಾರಿದವನ ಹತ್ತಿರ ಬಾವಿಯ ಸುದ್ದಿ ಎಂತಕ್ಕೆ ಎಂದು ತಂಬಿಗೆ ಚಾಚಿಬಿಟ್ಟರು. ಆಚೆ ದೋಣಿಯಿಂದ ದಾಸ "ತಡೀರಿ ಒಡೆಯಾ, ಕೇಳಿ ಕೊಡಿ" ಎಂದು ಕೂಗುವಷ್ಟರಲ್ಲಿ ಅವನು ಎತ್ತಿ ಕುಡಿಯುತ್ತಿದ್ದ.

ಆ ತಂಬಿಗೆ ಯಾವುದು ಹೇಳು? ನನ್ನ ಮದುವೆಗೆ ಅಬ್ಬೆ ಕೊಟ್ಟದ್ದು, ನೀನು ಏಳು ವರ್ಷದವನಿದ್ದಾಗ ಬಾವಿಕಟ್ಟೆಯ ಮೇಲೆ ಬೀಳಿಸಿ ಅಂಚು ಸೊಟ್ಟ ಮಾಡಿದ ಹಿತ್ತಾಳೆ ತಂಬಿಗೆ. ಕುಡಿದಾದ ಮೇಲೆ ಅವನು ಆ ಸೊಟ್ಟ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದನಂತೆ. ಆಮೇಲೆ ತಾನಾಗಿಯೇ, "ನಮ್ಮ ಹಲಸಿನಡಿ ಬಾವಿಯ ತಂಪು ಇದಕ್ಕಿಲ್ಲ ಭಾವಾ" ಎಂದನಂತೆ. ದಾಸನಿಗೂ ಕೇಳಿಸಿತು. ತಂಬಿಗೆ ತಿರುಗಿ ಕೈಗೆ ಬಂದಾಗ ಹಿಡಿಯಲಾರದಷ್ಟು ಬಿಸಿ. ಅದನ್ನು ಕೆಳಗಿಟ್ಟು ತಲೆ ಎತ್ತುವಷ್ಟರಲ್ಲಿ ದೋಣಿ ಮೂರೇ ಇದ್ದವು.

ದಾಸ ಮೂರು ದೋಣಿಯ ಮೀನನ್ನೂ ಕಡಲಿಗೇ ಸುರಿಸಿದನಂತೆ. ಸಂಜೆ ಬರಿಬುಟ್ಟಿ ಹೊತ್ತು ಬಂದ ಮಗನನ್ನು ನೋಡಿ ನಮ್ಮತ್ತೆ ಈರಮ್ಮನವರು, "ನಾಕು ಶೆಟ್ಲಿ ಸೈತ ಸಿಕ್ಕಲಿಲ್ವನ? ಆ ಮೀಸೆ ಮತ್ತೆಂತಕ್ಕೆ ಬಿಟ್ಕಂಡಿದ್ದೆ?" ಎಂದು ಗೇಲಿ ಮಾಡಿದರು. ನಾನೂ ನಕ್ಕೆ. ಆಮೇಲೆ ಬಾವಿಕಟ್ಟೆಯಲ್ಲಿ ತಂಬಿಗೆ ಬೆಳಗಲು ಕೂತಾಗ ಅದರ ತಳದಲ್ಲಿ ಕಪ್ಪು ಬೂದಿ ಇತ್ತು. ಬೀಡಿಯ ಬೂದಿಯಲ್ಲ. ಸುಟ್ಟ ಹತ್ತಿಯ ಹಾಗೆ, ಬೆರಳಿಗೆ ಅಂಟುವ ಎಳೆ ಎಳೆ. ಧಾರವಾಡದ ಕಾಲೇಜಿನಲ್ಲಿ ತರ್ಕಶಾಸ್ತ್ರಕ್ಕೆ ಎಪ್ಪತ್ತೆರಡು ಅಂಕ ತೆಗೆದವಳು ನಾನು. ಹಿತ್ತಾಳೆ ಬಿಸಿಲಿಗೆ ಕಾದಿರಬೇಕು ಎಂದುಕೊಂಡೆ. ಬೂದಿ ಗಂಜಿ ಕಾಯಿಸಿದ ಒಲೆಯದು ಎಂದುಕೊಂಡೆ. ನಮ್ಮ ತವರು ಮುಟ್ಟಳ್ಳಿ ಕಡೆಯಿಂದಲೂ ದೋಣಿ ಬರುತ್ತದೆ, ಹಲಸಿನ ಮರದ ಬುಡದಲ್ಲಿ ಬಾವಿ ಇದ್ದವರು ನಾವೊಬ್ಬರೇ ಅಲ್ಲ, ಈ ಕಡೆ ದಾರಿಹೋಕನನ್ನೂ ಭಾವ ಎನ್ನುತ್ತಾರೆ. ಹೀಗೆ ಎಲ್ಲದಕ್ಕೂ ಒಂದೊಂದು ಕಾರಣ ಕೊಟ್ಟುಕೊಂಡು ಸೋಮವಾರ ಕಳೆಯಿತು.

ಮಂಗಳವಾರ ಹಮ್ಮ ಬಂದ. ನಿನ್ನ ಪಕ್ಕದ ಖೋಲಿಯಲ್ಲಿದ್ದು ಹೊಟೇಲಿನಲ್ಲಿ ಕೆಲಸ ಮಾಡುತ್ತಿದ್ದನಲ್ಲ, ಅವನೇ. ಮುಂಬಯಿ ಬಿಟ್ಟು ಓಡಿ ಬಂದಿದ್ದಾನೆ. ಶುಕ್ರವಾರ ಸಾಯಂಕಾಲ ಬಂದರಿನಲ್ಲಿ ಹಡಗು ಸಿಡಿದು ಊರೇ ನಡುಗಿತಂತೆ, ಹೊತ್ತಿ ಉರಿಯುವ ಹತ್ತಿಯ ಮೂಟೆಗಳು ಆಕಾಶದಲ್ಲಿ ಹಾರಿ ಮನೆಗಳ ಮೇಲೆ ಬಿದ್ದವಂತೆ. ನಿನ್ನನ್ನು ಗುರುವಾರ ರಾತ್ರಿ ನೋಡಿದ್ದೇ ಕೊನೆ ಎಂದ. ಶುಕ್ರವಾರ ನೀನು ಬಂದರಿನ ಗೋದಾಮಿಗೆ ಕೆಲಸಕ್ಕೆ ಹೋಗಿದ್ದೆ ಎಂದ. ಅವನು ಓಡುವಾಗ ನಿನ್ನ ಖೋಲಿಗೆ ಬೀಗ ಹಾಗೇ ಇತ್ತಂತೆ. ಪತ್ರಿಕೆಯಲ್ಲಿ ನೋಡಿದರೆ ಯುದ್ಧದ ಸುದ್ದಿ ಬಿಟ್ಟು ಎಂತದೂ ಇಲ್ಲ. ಮಾಸ್ತಿಯವರು ಆಗಲೇ ನಿನ್ನ ಖೋಲಿಯ ವಿಳಾಸಕ್ಕೆ, ಉತ್ತರದ ಹಣವನ್ನೂ ಇಲ್ಲೇ ಕಟ್ಟಿ, ಜವಾಬಿ ತಂತಿ ಕಳಿಸಿದರು. ಇವತ್ತಿನವರೆಗೆ ಉತ್ತರ ಇಲ್ಲ. ಆ ಕಡೆಯ ತಂತಿಯೆಲ್ಲ ತಡವಾಗುತ್ತಿದೆ ಎಂದು ಅವರೇ ಹೇಳುತ್ತಾರೆ. ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ದಾಸನನ್ನು ಕರೆಸಿ ನಾನೇ ಕೇಳಿದೆ. ಅವನು ತನ್ನ ಬಾವಿಯನ್ನು ತಾನೇ ಹೇಳಿದನಲ್ಲ, ಹಾಗಿದ್ದ ಮೇಲೆ ಜೀವ ಇದ್ದವನೇ ಅಲ್ಲವೇ ಎಂದೆ. ದಾಸ ತಲೆ ಅಲ್ಲಾಡಿಸಿದ. "ಕೇಳಿ ಹೇಳಿಸ್ಬೇಕು ತಂಗೀ. ಕೇಳೂಕೆ ಮುಂಚೆ ತಾನಾಗೇ ಹೇಳಿದ್ದು ಎಂತದೂ ಲೆಕ್ಕಕ್ಕೆ ಬರೂದಿಲ್ಲ." ಹಾಗಾದರೆ ಅದು ಸತ್ತವನೇ ಎಂದು ಹೇಗೆ ಹೇಳುತ್ತೀ ಎಂದರೆ ಅದಕ್ಕೂ ತಲೆ ಅಲ್ಲಾಡಿಸಿದ. ಕೇಳಿದ್ದರೆ ತಿಳಿಯುತ್ತಿತ್ತು, ಈಗ ತಿಳಿಯುವುದಿಲ್ಲ. ಇಷ್ಟೇ ಅವನ ಉತ್ತರ. ನಿನ್ನ ಭಾವ ಅಲ್ಲಿಯೇ ಕಂಬಕ್ಕೆ ಒರಗಿ ನಿಂತಿದ್ದರು. ಅವರು ಆ ದಿನದಿಂದ ಸರಿಯಾಗಿ ಉಂಡಿಲ್ಲ.

ಪರಿಹಾರ ಒಂದಿದೆಯಂತೆ. ಕುಡಿದವನ ಮನೆಯ ಬಾವಿಯಿಂದಲೇ ಒಂದು ಕೊಡ ನೀರು ತಂದು, ಅದೇ ಕಲ್ಲುಹಾಸಿನ ಮೇಲೆ ಹೋಗಿ ಸುರಿದು, "ಇಕಾ ನಿನ್ನ ಬಾವಿ, ಕುಡಿದು ತಣ್ಣಗಾಗು, ಇನ್ನು ತಿರುಗಿ ಬರಬೇಡ" ಎಂದು ಹೇಳಿ ಬರಬೇಕು. ಆಗ ಅವನು ಮನೆಯ ದಾರಿ ಮರೆಯುತ್ತಾನೆ. ಆದರೆ ಬದುಕಿರುವವನ ಹೆಸರಿನಲ್ಲಿ ಸುರಿದರೆ ಅವನಿಗೂ ಮನೆಯ ದಾರಿ ತಪ್ಪಿಹೋಗುತ್ತದಂತೆ, ಬದುಕಿದ್ದೂ ಊರಿಗೆ ಬರುವುದಿಲ್ಲ. ನಮ್ಮತ್ತೆ ಕೂತಲ್ಲಿ ಕೂರುವುದಿಲ್ಲ. ಮನೆಯಲ್ಲಿ ಎಳೆಮಗು ಇದೆ, ಬಾಗಿಲಿಗೆ ಬಂದವನು ಅದನ್ನು ಜೊತೆಗೆ ಕರೆದೊಯ್ದಾನು, ಸುರಿಯಲೇಬೇಕು ಎನ್ನುತ್ತಾರೆ. ಅವರದ್ದು ತಪ್ಪೆಂದು ಹೇಗೆ ಹೇಳಲಿ, ಎರಡು ಕೂಸು ಕಳೆದುಕೊಂಡವರು. ಮಧ್ಯಾಹ್ನವಾದರೆ ಬಾಗಿಲು ಹಾಕಿ ಮಗುವನ್ನು ಒಳಕೋಣೆಗೆ ಎತ್ತಿಕೊಂಡು ಹೋಗುತ್ತಾರೆ. ಈ ಭಾನುವಾರ ಬೇಡ, ಅದರ ಮುಂದಿನದಕ್ಕೆ, ಅಂದರೆ ಮೂವತ್ತನೇ ತಾರೀಕಿಗೆ ಹೋಗುವುದೆಂದು ಮಾತಾಗಿದೆ. ಅಷ್ಟರಲ್ಲಿ ನಿನ್ನ ತಂತಿ ಬಂದರೆ ಸುರಿಯುವುದಿಲ್ಲ. ಅಷ್ಟು ದಿನ ಕೇಳಿ ತೆಗೆದುಕೊಳ್ಳುವುದಕ್ಕೇ ನಾನು ಎರಡು ಹೊತ್ತು ಉಣ್ಣದೆ ಕೂರಬೇಕಾಯಿತು.

ನಾಳೆ ದಾಸ ತಾರಿಯಲ್ಲಿ ಹೊಳೆ ದಾಟಿ ಬಸ್ಸು ಹಿಡಿದು ಮುಟ್ಟಳ್ಳಿಗೆ ಹೋಗುತ್ತಾನೆ. ಅಬ್ಬೆಗೆ ನಿಜ ಹೇಳಬಾರದೆಂದು ಹೇಳಿಟ್ಟಿದ್ದೇನೆ. ಮಗುವನ್ನು ಮೀಯಿಸಲು ತವರಿನ ಬಾವಿಯ ನೀರು ಬೇಕಂತೆ ಎಂದು ಹೇಳುವುದು.

ಆದ್ದರಿಂದ ತಮ್ಮಾ, ಈ ಕಾಗದ ಸಿಕ್ಕಿದ ಕೂಡಲೇ ಒಂದು ತಂತಿ ಹೊಡೆ. ಹೆಚ್ಚು ಬೇಡ, ಇದ್ದೇನೆ ಎಂದಷ್ಟೇ. ಕೈಗೆ ಪೆಟ್ಟಾಗಿದ್ದರೆ ಬೇರೆಯವರ ಹತ್ತಿರ ಬರೆಸು. ನೀನು ಆಸ್ಪತ್ರೆಯಲ್ಲಿದ್ದರೆ ನಿನ್ನ ಭಾವ ಆ ದಿನವೇ ಹೊರಡುತ್ತಾರೆ. ಏನಾಗಿದ್ದರೂ ನನಗೆ ಅಡ್ಡಿಯಿಲ್ಲ, ಇದ್ದರೆ ಆತು.

ನಿನ್ನ ಭಾವನ ನೆನಪುಗಳು. ನಮ್ಮತ್ತೆಯ ಆಶೀರ್ವಾದ. ಅಳಿಯ ಮಾವನಿಗೆ ಕಾಲು ಝಾಡಿಸಿ ನಮಸ್ಕಾರ ಮಾಡಿದ್ದಾನೆ ಎಂದು ತಿಳಿ. ನೂರು ವರ್ಷ ಬಾಳು.

ನಿನ್ನ ಅಕ್ಕ,
ಪರಮೇಶ್ವರಿ

ತಾ.ಕ. ಶುಕ್ರವಾರ ಬೆಳಿಗ್ಗೆ, ಟಪಾಲು ಬಸ್ಸಿಗೆ ಅರ್ಧ ಗಂಟೆ ಇದೆ. ತಂತಿಗೆ ಉತ್ತರ ಬಂದರೆ ಹರಿದು ಹಾಕೋಣವೆಂದು ಕಾಗದ ಇಟ್ಟುಕೊಂಡಿದ್ದೆ, ಬರಲಿಲ್ಲ. ದಾಸ ನಿನ್ನೆ ನೀರು ತಂದ. ಮೊಮ್ಮಗನಿಗೆಂದು ಅಬ್ಬೆ ತಾನೇ ಸೇದಿ, ಕೊಡದ ಬಾಯಿಗೆ ಬಾಳೆಲೆ ಕಟ್ಟಿ, ಜೊತೆಗೆ ಹಲಸಿನ ಹಪ್ಪಳ ಕಳಿಸಿದ್ದಾಳೆ. ಇಷ್ಟು ದಿನ ಹೇಳದ್ದನ್ನು ನಿನ್ನ ಭಾವ ನಿನ್ನೆ ಹೇಳಿದರು. ತಂಬಿಗೆ ತಿರುಗಿ ಕೊಡುವ ಮೊದಲು ಅವನು ಮೆಲ್ಲಗೆ ಇನ್ನೊಂದು ಮಾತು ಕೇಳಿದ್ದನಂತೆ: "ಅಕ್ಕ ಈಗ್ಲೂ ಮಲಗೂದಿಲ್ವ? ಕೂಸಿನ ಮೂಗಿಗೆ ಬೆರಳು ಹಿಡ್ಕಂಡೇ ಕೂತಿರ್ತದಾ?" ಅದನ್ನು ನಾನು ಬರೆದದ್ದು ನಿನಗೊಬ್ಬನಿಗೆ. ಇಂದು ನಸುಕಿಗೆ ಎಲ್ಲರೂ ಏಳುವ ಮೊದಲು ನಾನು ಆ ಕೊಡದ ನೀರು ಬಗ್ಗಿಸಿಕೊಂಡು, ಅದರಲ್ಲಿ ಇಲ್ಲಿಯ ನಮ್ಮ ಹಿತ್ತಿಲ ಬಾವಿಯ ನೀರು ತುಂಬಿ, ಬಾಳೆಲೆ ಮೊದಲಿನ ಹಾಗೆಯೇ ಕಟ್ಟಿಟ್ಟಿದ್ದೇನೆ. ಮೂವತ್ತಕ್ಕೆ ಅವರು ಸುರಿಯುವುದು ಅದನ್ನೇ. ಯಾರಿಗೂ ಗೊತ್ತಿಲ್ಲ, ನಿನ್ನ ಭಾವನಿಗೂ. ಹಲಸಿನಡಿಯ ನೀರು ಅಡುಗೆಮನೆಯ ಮೂಲೆಯಲ್ಲಿ ಮಣ್ಣಿನ ಗಡಿಗೆಯಲ್ಲಿದೆ, ಮೇಲೆ ನಿನ್ನ ಸೊಟ್ಟ ತಂಬಿಗೆ ಮುಚ್ಚಿದ್ದೇನೆ. ಮಗುವನ್ನು ನಾನು ಎದೆಗೆ ಕಟ್ಟಿಕೊಂಡಿರುತ್ತೇನೆ, ಅವನು ನಿನ್ನ ಅಳಿಯ, ಮುಟ್ಟಬೇಡ ಎಂದು ನಿನಗೆ ಹೇಳಬೇಕಾದದ್ದಿಲ್ಲ. ಮಧ್ಯಾಹ್ನ ಮುಂಬಾಗಿಲು ಹಾಕಿರುತ್ತದೆ, ಹಿತ್ತಿಲ ಬಾಗಿಲ ಅಗಳಿ ನಾನು ತೆಗೆದಿಡುತ್ತೇನೆ. ತಂತಿ ಹೊಡೆಯಲು ಆಗದಿದ್ದರೂ ಬಾ, ಹೇಗಿದ್ದರೂ ಬಾ. ನೀನು ಯಾವ ಬಾವಿಯವನೆಂದು ನಾನು ಕೇಳುವುದಿಲ್ಲ.