ಜಪ್ತಿಯಾದ ಪೀಕದಾನಿ ಮತ್ತು ಕೊಪ್ಪಕ್ಕೆ ಬಾರದ ಬಿಯರು

ಪರವಾನಗಿ ಕೊಡುವ, ಕೊಡದಿರುವ, ಎರಡನ್ನೂ ಮಾಡದೆ ಕಡತದ ಮೇಲೆ ಕೂರುವ ಅಧಿಕಾರವುಳ್ಳ ಅಬಕಾರಿ ಮಾನ್ಯರೇ,

ಕಳೆದ ತಿಂಗಳು ಕೊಪ್ಪದಲ್ಲಿ ನೀವು ಜಪ್ತಿ ಮಾಡಿಕೊಂಡು ಹೋದ ಹಿತ್ತಾಳೆಯ ಪೀಕದಾನಿ ನನ್ನದು. ಅದರೊಳಗಿದ್ದದ್ದೂ ಬಹುಪಾಲು ನನ್ನದೇ. ನಾನು ಸಾರ್ವಜನಿಕ ಸ್ಥಳದಲ್ಲಿ ಮದ್ಯ ಸೇವಿಸಿದೆ ಎಂಬ ಆರೋಪಕ್ಕೆ ಅದನ್ನೇ ಸಾಕ್ಷ್ಯವಾಗಿ ಇಟ್ಟುಕೊಂಡಿದ್ದೀರಿ. ಸ್ವಾಮಿ, ಸೇವಿಸಿದ್ದರೆ ಅದು ಪೀಕದಾನಿಯಲ್ಲಿ ಯಾಕಿರುತ್ತಿತ್ತು?

ನಾನು ಕಾಫಿ ಬೀಜ ಹದಗೊಳಿಸುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ರುಚಿ ಪರೀಕ್ಷಕನಾಗಿ ನಿವೃತ್ತನಾದವನು. ಚಮಚದಲ್ಲಿ ಕಾಫಿ ಎತ್ತಿ, ನಾಲ್ಕು ಮನೆಗೆ ಕೇಳುವ ಹಾಗೆ ಸೊರ್ರೆಂದು ಎಳೆದು, ನಾಲಿಗೆಯ ಮೇಲೆಲ್ಲ ಹರಿದಾಡಿಸಿ, ಉಗುಳುವುದು ಆ ಕೆಲಸ. ನುಂಗಿದರೆ ಮಧ್ಯಾಹ್ನದೊಳಗೆ ಎದೆ ಡವಗುಟ್ಟುತ್ತದೆ, ನಾಲಿಗೆ ಸುಳ್ಳು ಹೇಳತೊಡಗುತ್ತದೆ. ನಾನು ಉಗುಳಿದ ಮೇಲೆ ಹೇಳಿದ ಮಾತಿನ ಮೇಲೆಯೇ ಬಸರೀಕಟ್ಟೆಯ ಎಷ್ಟೋ ತೋಟಗಳ ಕಾಫಿ ಹಡಗು ಹತ್ತಿದೆ. ನಮ್ಮದು ಶರಣರ ಮನೆತನ. ಹೆಂಡದ ವಾಸನೆಯೂ ಹೊಸ್ತಿಲು ದಾಟಿದ್ದಿಲ್ಲ. ನಿಮ್ಮ ನೋಟಿಸು ದಾಟಿತು.

ನನ್ನ ತಮ್ಮ ರಾಜಶೇಖರನ ಮಗಳು ದೀಕ್ಷಾ. ಬೆಂಗಳೂರಿನ ಒಂದು ಬ್ರೂಪಬ್‌ನಲ್ಲಿ ಬಿಯರ್ ತಯಾರಿಸುವ ಕೆಲಸ ಕಲಿತಳು. ಬ್ರೂಪಬ್ ಎಂದರೆ ಅಲ್ಲೇ ಕುದಿಸಿ, ಅಲ್ಲೇ ಹುಳಿಯಿಸಿ, ಅಲ್ಲೇ ಲೋಟಕ್ಕೆ ಬಗ್ಗಿಸಿ ಕೊಡುವ ಜಾಗ. ನೋಡಿಕೊಂಡು ಬರೋಣವೆಂದು ಹೋದ ನನ್ನ ಮುಂದೆ ಮರದ ಹಲಗೆಯ ಮೇಲೆ ಸಣ್ಣ ಸಣ್ಣ ಲೋಟಗಳನ್ನು ಸಾಲಾಗಿಟ್ಟರು: ಒಂದು ಹೊಂಬಣ್ಣ, ಒಂದು ಮೋಡ ಕವಿದಂತೆ ಮಬ್ಬು, ಒಂದು ಡಿಕಾಕ್ಷನ್ನಿನಷ್ಟು ಕಪ್ಪು. ಅಭ್ಯಾಸಬಲ ನೋಡಿ. ಸೊರ್ರೆಂದು ಎಳೆದೆ, ಪಕ್ಕದಲ್ಲಿದ್ದ ಐಸಿನ ಬಕೆಟ್ಟಿಗೆ ಉಗಿದೆ. ಆಚೆ ಮೇಜಿನವರು ತಮ್ಮ ಲೋಟಗಳನ್ನು ಮೂಸಿ ನೋಡಿಕೊಂಡರು. ಬಿಯರಿಗೆ ಏನೋ ಬಿದ್ದಿದೆ ಎಂದುಕೊಂಡು ಒಳಗಿನಿಂದ ಮುಖ್ಯ ತಯಾರಕನೇ ಓಡಿ ಬಂದ. ದೀಕ್ಷಾ ಮೇಜಿಗೆ ತಲೆಯಿಟ್ಟು ನಗುತ್ತಿದ್ದಳು.

"ದೊಡ್ಡಪ್ಪ, ಇಲ್ಲಿ ನುಂಗ್ಬೇಕು."

"ನುಂಗೋಕೆ ನಾಲಿಗೆ ಯಾಕಮ್ಮ, ಗಂಟಲು ಸಾಕು" ಎಂದೆ. ಮಬ್ಬು ಬಿಯರನ್ನು ತೋರಿಸಿ, ಇದು ಹುಳಿ ತೊಟ್ಟಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಮಲಗಿದೆ ಅಲ್ಲವೇ ಎಂದು ಕೇಳಿದೆ. ಹಣ್ಣು ಕಾಫಿಯನ್ನು ಪಲ್ಪ್ ಮಾಡಿ, ಅಂದರೆ ಸಿಪ್ಪೆ ಬಿಡಿಸಿ, ತೊಟ್ಟಿಯಲ್ಲಿ ಮರೆತರೆ ಇದೇ ವಾಸನೆ ಬರುತ್ತದೆ. ತಯಾರಕ ಲೋಟವೆತ್ತಿ ಮೂಸಿ, ಹೌದೆಂದು ತಲೆಯಾಡಿಸಿದ. ಊರಿಗೆ ಬರುವ ಬಸ್ಸಿನಲ್ಲಿ ದೀಕ್ಷಾ, ಕೊಪ್ಪದಲ್ಲೇ ಒಂದು ಬ್ರೂಪಬ್ ಮಾಡುತ್ತೇನೆ ಎಂದಳು. ರುಚಿ ಹೇಳಬಲ್ಲ ನಾಲಿಗೆಗಳು ಇರುವುದೇ ನಮ್ಮ ಕಡೆ ಎಂಬುದು ಅವಳ ವಾದ. ಕೊಪ್ಪದ ಪರಮೇಶ್ವರ ಅವರ ಹಳೆಯ ಕಾಫಿ ಶೆಡ್ಡನ್ನು ಮಾತಾಡಿಕೊಂಡಳು. ದೀಪಾವಳಿಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಎಂದು ಅವರು ಒಪ್ಪಿದರು. ನಿಮಗೆ ಅರ್ಜಿ ಬಂತು. ಉತ್ತರ ಮಾತ್ರ ಬರಲಿಲ್ಲ.

ಉತ್ತರದ ಬದಲು ಬಂದದ್ದು ತಾವು. ಅಂಗಡಿಯಿಂದ ಬಿಲ್ಲಿನ ಸಮೇತ ತಂದ ಕೆಲವು ಬಗೆಯ ಬಿಯರುಗಳನ್ನು ಆ ಶೆಡ್ಡಿನಲ್ಲಿ ಅಕ್ಕಪಕ್ಕದವರಿಗೆ ಚಮಚದಲ್ಲಿ ಕೊಟ್ಟು, ನಮ್ಮೂರಿಗೆ ಯಾವುದು ಹಿಡಿಸೀತು ಎಂದು ದೀಕ್ಷಾ ಕೇಳುತ್ತಿದ್ದಳು. ನಾನು ಕೆಲಸದ ಕಾಲದ ನನ್ನ ಹಳೆಯ ಪೀಕದಾನಿ ಪಕ್ಕದಲ್ಲಿಟ್ಟುಕೊಂಡು ರುಚಿ ನೋಡುತ್ತಿದ್ದೆ. ಮಾರಾಟವಿಲ್ಲ, ಹಾಡಿಲ್ಲ, ಕುಣಿತವಿಲ್ಲ. ತೋಟದ ಕೆಲಸದ ಸೀತಕ್ಕ ಒಂದು ಚಮಚ ಬಾಯಿಗೆ ಬಿಟ್ಟುಕೊಂಡು, "ಇದೆಂತದು ಮಾರಾಯ್ರೆ, ನಿನ್ನೆ ಉಳಿದ ಗಂಜಿ ತಿಳಿ ಇದ್ದಂಗೆ ಇದೆ. ಇದ್ನ ದುಡ್ಡು ಕೊಟ್ಟು ಕುಡೀತಾರಾ?" ಎಂದದ್ದು, ಎಲ್ಲರೂ ನಗುತ್ತಿದ್ದದ್ದು, ಅಷ್ಟರಲ್ಲಿ ಬಾಗಿಲಲ್ಲಿ ತಮ್ಮ ಜೀಪು ನಿಂತದ್ದು. ಬಾಗಿಲು ತೆರೆದಿತ್ತು, ಆದ್ದರಿಂದ ಅದು ಸಾರ್ವಜನಿಕ ಸ್ಥಳ ಎಂದಿರಿ. ನಾನು ಕುಡಿದಿಲ್ಲ, ಉಗುಳಿದ್ದೇನೆ, ಇಗೋ ನೋಡಿ ಎಂದು ಪೀಕದಾನಿ ತೋರಿಸಿದೆ. ಆಗ ತಾವು ಕೇಳಿದ ಪ್ರಶ್ನೆಯನ್ನು ನಾನು ಸಾಯುವವರೆಗೆ ಮರೆಯಲಾರೆ.

"ಕುಡಿಯೋದಿಲ್ಲ ಅಂದ್ಮೇಲೆ ಬಾಯಿಗ್ಯಾಕೆ ಹಾಕ್ಕೊಂಡ್ರಿ ಯಜಮಾನ್ರೆ?"

ಮಾನ್ಯರೇ, ತಮ್ಮ ಇಲಾಖೆಯ ತತ್ತ್ವಶಾಸ್ತ್ರವೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ. ಮದ್ಯ ಇರುವುದು ನುಂಗುವುದಕ್ಕೆ. ರುಚಿ ನೋಡುವವನ ಮೇಲೆ ಅನುಮಾನ ಪಡಬೇಕು. ಸಾರಾಯಿ ಅಂಗಡಿಗಳು ಹರಾಜಾಗುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಸಾರಾಯಿ ಹೋಯಿತು, ಅಗ್ಗದ ವಿಸ್ಕಿ ತುಂಬಿದ ಕೈಯಗಲದ ರಟ್ಟಿನ ಪೊಟ್ಟಣ ಬಂತು. ಸಂಜೆ ತೋಟದ ಕೆಲಸ ಮುಗಿಸಿ ಬಸರೀಕಟ್ಟೆಯಲ್ಲಿ ಜೀಪು ಇಳಿದವರು ಪೊಟ್ಟಣದ ಮೂಲೆ ಕಚ್ಚಿ, ಕಣ್ಣು ಮುಚ್ಚಿ, ಕಷಾಯದಂತೆ ಒಳಗೆ ಸುರಿದುಕೊಳ್ಳುತ್ತಾರೆ. ಅದರ ರುಚಿ ಹೇಗಿದೆ ಎಂದು ಒಬ್ಬರನ್ನಾದರೂ ಕೇಳಿ ನೋಡಿ. ಖಾಲಿ ಪೊಟ್ಟಣಗಳು ಇತ್ತ ನರಸಿಂಹರಾಜಪುರದ ಭದ್ರಾ ಹಿನ್ನೀರಿನ ಅಂಚಿನಲ್ಲೂ ಬೆಳ್ಳಕ್ಕಿಗಳ ಜೊತೆ ಸಾಲಾಗಿ ಕೂತಿರುತ್ತವೆ. ಅವುಗಳ ಮೇಲೆ ಯಾವ ಕೇಸಿದೆ?

ಕಚೇರಿಯಲ್ಲಿ ವಿಚಾರಿಸಲು ಹೋದ ದೀಕ್ಷಾಗೆ ಬಾಯಿಮಾತಿನಲ್ಲಿ ಒಂದು ಕಾರಣ ಹೇಳಿ ಕಳಿಸಿದ್ದೀರಿ: ಇದು ಶೃಂಗೇರಿಗೆ ಹೋಗುವ ದಾರಿ, ಯಾತ್ರಿಕರ ಭಾವನೆಗೆ ಧಕ್ಕೆಯಾಗುತ್ತದೆ. ಅದೇ ದಾರಿಯ ವೈನ್‌ಶಾಪುಗಳ ಮುಂದೆ ಯಾತ್ರಿಕರ ವ್ಯಾನುಗಳು ನಿಲ್ಲುವುದನ್ನು ನಾನು ನೋಡಿದ್ದೇನೆ. ಧಕ್ಕೆಯಾದವರಂತೆ ಯಾರೂ ಕಾಣಲಿಲ್ಲ. ಭಾವನೆಗೆ ಪೆಟ್ಟು ಬೀಳುವುದು ಗಾಜಿನ ಲೋಟದಿಂದ ಮಾತ್ರವೇ, ಪ್ಲಾಸ್ಟಿಕ್ ಲೋಟಕ್ಕೆ ವಿನಾಯಿತಿಯೇ? ಇನ್ನೊಂದು ಸುದ್ದಿಯೂ ಕಿವಿಗೆ ಬಿದ್ದಿದೆ. ದೀಪಾವಳಿ ಕಳೆದರೆ ಪರಮೇಶ್ವರ ಅವರ ಶೆಡ್ಡು ಮತ್ತೊಂದು ವೈನ್‌ಶಾಪಿಗೆ ಗೋದಾಮು. ಅದಕ್ಕೆ ಅಡ್ಡಿಯಿಲ್ಲವಂತೆ. ಗೋದಾಮಿನಲ್ಲಿ ಯಾರೂ ರುಚಿ ನೋಡುವುದಿಲ್ಲವಲ್ಲ.

ಹಿಂದೆ ನಮ್ಮ ಬೆಳೆಗಾರರು ಒಳ್ಳೆಯ ಕಾಫಿಯನ್ನೆಲ್ಲ ಮಾರಿ, ಮನೆಗೆ ಹೊಟ್ಟುಬೀಜ ಉಳಿಸಿಕೊಂಡು ಚಿಕೋರಿ ಬೆರೆಸಿ ಕುಡಿಯುತ್ತಿದ್ದರು. ಬೆಳೆದವನಿಗೇ ರುಚಿ ಗೊತ್ತಿಲ್ಲದಿದ್ದರೆ ಕೊಂಡವನು ಹೇಳಿದ್ದೇ ರುಚಿ, ಕೊಟ್ಟದ್ದೇ ಬೆಲೆ. ಈಗ ಬಸರೀಕಟ್ಟೆಯ ಕಾಫಿ ಬೆಂಗಳೂರಿಗೆ ಹೋಗಿ ಕಪ್ಪು ಬಿಯರಿನೊಳಗೆ ಸೇರುತ್ತಿದೆ. ಅದರ ರುಚಿ ನೋಡಬೇಕೆಂದರೆ ನಾವು ರಾತ್ರಿ ಬಸ್ಸು ಹಿಡಿಯಬೇಕು. ಈ ಹುಡುಗಿ ಆ ಲೋಟವನ್ನು ಇಲ್ಲಿಗೇ ತರುತ್ತೇನೆ ಎಂದರೆ, ನೀವು ಅವಳ ದೊಡ್ಡಪ್ಪನ ಪೀಕದಾನಿಗೆ ಅರಗಿನ ಮೊಹರು ಹಾಕುತ್ತೀರಿ.

ನೋಟಿಸು ಬಂದ ದಿನ ನನ್ನ ಮನೆಯಾಕೆ ಸುಮಿತ್ರಮ್ಮ ಅದನ್ನು ಪೂರ್ತಿ ಓದಿ, ಕನ್ನಡಕ ತೆಗೆದು, "ಉಗುಳಿದ್ದೀರಿ ತಾನೆ?" ಎಂದು ಕೇಳಿದಳು. ಹೌದೆಂದೆ. "ಹಾಗಾದ್ರೆ ಬಾಯಿ ಮುಕ್ಕಳಿಸಿ ಪೂಜೆಗೆ ಕೂತ್ಕೊಳಿ" ಎಂದಳು. ಸಾಕ್ಷ್ಯ, ವಿಚಾರಣೆ, ತೀರ್ಪು ಎಲ್ಲ ಅಲ್ಲಿಗೆ ಮುಗಿಯಿತು. ನೀವು ಪೀಕದಾನಿಯನ್ನು ಪ್ರಯೋಗಾಲಯಕ್ಕೆ ಕಳಿಸಿದ್ದೀರಂತೆ. ವರದಿಯನ್ನು ನಾನೇ ಹೇಳಿಬಿಡುತ್ತೇನೆ: ಬಿಯರು, ಜೊಲ್ಲು, ತಳದಲ್ಲಿ ಹಳೆಯ ಕಾಫಿಯ ಕರೆ.

ನನ್ನ ಕೇಸಿನ ಗತಿ ಏನಾದರೂ ಆಗಲಿ. ಈ ವಯಸ್ಸಿನಲ್ಲಿ ಕುಡುಕನೆನಿಸಿಕೊಂಡರೆ ಮದುವೆಮನೆಯಲ್ಲಿ ನಾಲ್ಕು ಜನ ಹತ್ತಿರ ಬಂದು ಮಾತಾಡಿಸಿಯಾರು. ಆದರೆ ದೀಕ್ಷಾಳ ಅರ್ಜಿಗೆ ದೀಪಾವಳಿಯೊಳಗೆ ಲಿಖಿತ ಉತ್ತರ ಕೊಡಿ. ಆಗುವುದಿಲ್ಲ ಎಂದರೆ ಯಾಕೆ ಆಗುವುದಿಲ್ಲ ಎಂದು ಬರೆದು, ಕೆಳಗೆ ರುಜು ಹಾಕಿ. ಆಗುತ್ತದೆ ಎಂದರೆ ಮೊದಲ ದಿನ ತಾವೇ ಶೆಡ್ಡಿಗೆ ಬನ್ನಿ, ಮೊದಲ ಚಮಚ ನಿಮ್ಮದು. ನುಂಗುವವರ ಸಾಲಿನಲ್ಲಿ ಕೂರುತ್ತೀರೋ ನನ್ನ ಪಕ್ಕದಲ್ಲಿ ಕೂರುತ್ತೀರೋ ತಮ್ಮ ಇಷ್ಟ. ನನ್ನ ಪಕ್ಕದಲ್ಲಾದರೆ ಬರುವಾಗ ಪೀಕದಾನಿ ತನ್ನಿ. ತೊಳೆದು ತನ್ನಿ.

ಇಂತಿ,
ಗಂಟಲಿಗೆ ಒಂದು ಹನಿಯೂ ಇಳಿಸದೆ, ತಮ್ಮ ಕಡತದಲ್ಲಿ ಮಾತ್ರ ಕುಡಿದು ಮಲಗಿರುವ
ಶಾಂತವೀರಪ್ಪ
ನರಸಿಂಹರಾಜಪುರ