ಹಿಂದೆ ಕೂತು ಕಟ್ಟುವ ಗಂಟು

ಇವಳೇ,

ನೀನು ಓದುವುದಿಲ್ಲ ಅಂತ ಗೊತ್ತು. ನೀನು ತೀರಿಹೋದಾಗಿನಿಂದ ಮೊಮ್ಮಗ ಕೂದಲು ಇಳಿಬಿಟ್ಟುಕೊಂಡೇ ಶಾಲೆಗೆ ಹೋಗುತ್ತಿದ್ದ. ಕತ್ತರಿಸಲೇಬೇಕು ಅಂತ ಹೇಳಲು ಹೆಡ್‌ಮಾಸ್ತರು ಇವತ್ತು ನನ್ನನ್ನು ಕರೆಸಿದರು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಹೋದವನೇ ಮೇಜು ಗುದ್ದಿದೆ.

“ನಮ್ಮ ಧರ್ಮದಲ್ಲಿ ತಲೆಗೆ ಕತ್ತರಿ ಮುಟ್ಟಿಸೋ ಹಾಗಿಲ್ಲ ಸ್ವಾಮಿ. ನಿಮ್ಮ ರೂಲು ನಿನ್ನೆ ಮೊನ್ನೇದು.”

“ಆಯ್ತು ಯಜಮಾನ್ರೇ, ಮೇಜು ಮುರೀಬೇಡಿ. ಧರ್ಮದ ಕಾರಣಕ್ಕೆ ವಿನಾಯ್ತಿ ಕೊಡ್ತೀವಿ. ಆದ್ರೆ ದಿನಾ ಬಿಗಿಯಾಗಿ ಕಟ್ಟಿರಬೇಕು. ಬಿಚ್ಕೊಂಡು ಬಂದ್ರೆ ವಾಪಸ್ ಕಳಿಸ್ತೀವಿ.”

ಗೆದ್ದೆ ಅಂತ ಬೀಗುತ್ತಾ ಮನೆಗೆ ಬಂದು, ಅವನನ್ನು ಕೂರಿಸಿಕೊಂಡು ಬಾಚಣಿಗೆ ಹಿಡಿದೆ. ಕಟ್ಟಿದ್ದೆಲ್ಲ ಜಾರಿತು. ಅವನ ಮೇಲೆ ರೇಗಿದೆ.

“ತಾತ, ಅಜ್ಜಿ ಹಿಂದೆ ಕೂತು ಕಟ್ತಿದ್ರು. ನೀನ್ಯಾಕೆ ಮುಂದೆ ಕೂತಿದ್ದೀಯ?”

ದಿನಾ ಬೆಳಗ್ಗೆ ನಿಮ್ಮಿಬ್ಬರ ಎದುರಿಗೆ ಕುರ್ಚಿ ಹಾಕಿಕೊಂಡು “ಬೇಗ, ಬೇಗ” ಅಂತ ನಿನ್ನ ಮೇಲೆ ಕೂಗುತ್ತಿದ್ದೆ. ಅವನ ತಲೆಯ ಹಿಂದೆ ನಿನ್ನ ಕೈ ಏನು ಮಾಡುತ್ತಿತ್ತು ಅಂತ ಒಂದು ದಿನವೂ ಎದ್ದು ಬಂದು ನೋಡಲಿಲ್ಲ.

ಹಿಂದೆ ಹೋಗಿ ಕೂತೆ. ಆಮೇಲೂ ಗಂಟು ನಿಲ್ಲಲಿಲ್ಲ.

“ನಿಧಾನಕ್ಕೆ ಕಟ್ಟು ತಾತ. ನಾಳೆ ನಾನು ಬೇಗ ಏಳ್ತೀನಿ” ಅಂದ.

ಈ ಮನೆಯಲ್ಲಿ ಆ ಮಾತನ್ನು ನಿನಗೆ ಯಾರೂ ಹೇಳಿರಲಿಲ್ಲ.